ಸೇನೆ ಅಧ್ಯಕ್ಷರ ಮಾತು ಕೇಳಬೇಕು, ಸರಿ. ಅಧ್ಯಕ್ಷರು ಯಾರ ಮಾತು ಕೇಳಬೇಕು?

ಹಳೇಪೇಪರ್
ಅಮೆರಿಕದ ಸಂವಿಧಾನ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. 2ನೇ ವಿಧಿ ಅಧ್ಯಕ್ಷರನ್ನು ಸೇನೆಯ ಮಹಾದಂಡನಾಯಕ ಎನ್ನುತ್ತದೆ. 1ನೇ ವಿಧಿ ಯುದ್ಧ ಸಾರುವ ಅಧಿಕಾರವನ್ನು ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಕೊಡುತ್ತದೆ. ಕಾಂಗ್ರೆಸ್ ಕೊನೆಯ ಸಲ ಯುದ್ಧ ಸಾರಿದ್ದು 1942ರ ಜೂನ್‌ನಲ್ಲಿ, ಬಲ್ಗೇರಿಯ, ಹಂಗೇರಿ, ರೊಮೇನಿಯಗಳ ಮೇಲೆ. ಆಮೇಲೆ ಕೊರಿಯಾ, ವಿಯೆಟ್ನಾಂ, ಅಫ್ಘಾನಿಸ್ತಾನ, ಇರಾಕ್ ಎಲ್ಲ ಆಗಿಹೋದವು. ಒಂದಕ್ಕೂ ಘೋಷಣೆ ಇಲ್ಲ.

ಸೇನೆ ಚುನಾಯಿತರ ಹಿಡಿತದಲ್ಲಿ ಇರಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಹಿಡಿತ ಒಬ್ಬರ ಕೈಯಲ್ಲಿದ್ದು, ಅವರೇ ದಾರಿ ತಪ್ಪಿದರೆ? ಜನರಲ್‌ಗಳು ಮಾತು ಕೇಳದಿದ್ದರೆ ಅದು ದಂಗೆ. ಕೇಳಿದರೆ ಅನ್ಯಾಯಕ್ಕೆ ಕೈ ಜೋಡಿಸಿದ ಹಾಗೆ. ನಡುವೆ ದಾರಿ ಇದೆಯಾ? ತಿಳಿದವರು ಹೇಳಿ.

ಸಂಜೆಗಾಳಿ
ದಾರಿ ಇದೆ. ಮುಂದಿನ ಚುನಾವಣೆ.

ಹಳೇಪೇಪರ್
@ಸಂಜೆಗಾಳಿ ನಾಲ್ಕು ವರ್ಷ ಕಾಯಬೇಕಾ? ಯುದ್ಧ ಒಂದು ರಾತ್ರಿಯಲ್ಲಿ ಶುರುವಾಗುತ್ತದೆ.

ಕರಿಕೋಟು
ಹಳೇಪೇಪರ್ ಅವರೇ, ಒಬ್ಬನೇ ಅಧ್ಯಕ್ಷನ ಎರಡು ಕಥೆ ಹೇಳುತ್ತೇನೆ. ಟ್ರೂಮನ್.

1951. ಕೊರಿಯಾದಲ್ಲಿ ಸೇನೆಯ ಮುಖ್ಯಸ್ಥ ಡಗ್ಲಸ್ ಮೆಕಾರ್ಥರ್, ಎರಡನೇ ಮಹಾಯುದ್ಧದ ಹೀರೋ. ಚೀನಾದ ಮೇಲೂ ಯುದ್ಧ ವಿಸ್ತರಿಸಬೇಕು ಅನ್ನುವುದು ಆತನ ಹಟ. ಅಧ್ಯಕ್ಷರು ಬೇಡ ಎಂದರೂ ಬಹಿರಂಗವಾಗಿ ಹೇಳಿಕೆ ಕೊಡುತ್ತಲೇ ಹೋದ. ಕೊನೆಗೆ ಆತ ವಿರೋಧ ಪಕ್ಷದ ನಾಯಕನಿಗೆ ಬರೆದ ಪತ್ರವನ್ನು ಆ ನಾಯಕರು ಸದನದಲ್ಲೇ ಓದಿಬಿಟ್ಟರು. ಏಪ್ರಿಲ್ 11ರಂದು ಟ್ರೂಮನ್ ಆತನನ್ನು ಕಿತ್ತುಹಾಕಿದರು. ಸುದ್ದಿ ಮೊದಲೇ ಸೋರಿಹೋಗುತ್ತದೆ ಅಂತ ಶ್ವೇತಭವನ ರಾತ್ರಿ ಒಂದು ಗಂಟೆಗೆ ಪತ್ರಕರ್ತರನ್ನು ಕರೆಸಿತು. ಜನ ಟ್ರೂಮನ್ ಮೇಲೆ ಉರಿದುಬಿದ್ದರು. ಆದರೆ ಮೂರೂ ಪಡೆಗಳ ಮುಖ್ಯಸ್ಥರು ಅಧ್ಯಕ್ಷರ ಪರ ನಿಂತರು. ಸೇನೆ ಒಂದಿಂಚೂ ಅಲುಗಲಿಲ್ಲ.

1952. ಅದೇ ಟ್ರೂಮನ್. ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಆಗುವುದರಲ್ಲಿತ್ತು. ಕೊರಿಯಾದಲ್ಲಿರುವ ಸೈನಿಕರಿಗೆ ಮದ್ದುಗುಂಡು ನಿಂತುಹೋಗುತ್ತದೆ ಎಂದು ಹೇಳಿ ಏಪ್ರಿಲ್ 8ರಂದು ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡರು. ಜೂನ್ 2ಕ್ಕೆ ಸುಪ್ರೀಂ ಕೋರ್ಟ್ 6-3ರಲ್ಲಿ ಹೇಳಿತು: ನಿಮಗೆ ಆ ಅಧಿಕಾರ ಇಲ್ಲ. ಟ್ರೂಮನ್ ಕೋಪದಲ್ಲೇ ವಾಪಸ್ ಕೊಟ್ಟರು. ಕಾರ್ಮಿಕರು ಮುಷ್ಕರಕ್ಕೆ ಇಳಿದರು, 53 ದಿನ ನಡೆಯಿತು.

ಜನರಲ್ ಅಧ್ಯಕ್ಷರಿಗೆ ತಲೆಬಾಗಿದ. ಮುಂದಿನ ವರ್ಷವೇ ಅಧ್ಯಕ್ಷರು ಕೋರ್ಟಿಗೆ ತಲೆಬಾಗಿದರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಇವೆರಡೂ ಒಟ್ಟಿಗೆ ಇರಬೇಕು. ಮೊದಲನೆಯದು ಮಾತ್ರ ಇದ್ದರೆ ಅದು ಒಬ್ಬ ವ್ಯಕ್ತಿಯ ಸೇನೆ.

ಬೆಳ್ಳಿಚುಕ್ಕಿ
ಉಕ್ಕಿನ ಪ್ರಕರಣದಲ್ಲಿ ನ್ಯಾಯಮೂರ್ತಿ ಜಾಕ್ಸನ್ ಬರೆದದ್ದನ್ನು ಸೇರಿಸಲೇಬೇಕು. ಅವರು ಮೂರು ಸಂದರ್ಭ ಹೇಳಿದರು. ಕಾಂಗ್ರೆಸ್ ಒಪ್ಪಿಗೆ ಇದ್ದಾಗ ಅಧ್ಯಕ್ಷರ ಬಲ ಅತಿ ಹೆಚ್ಚು. ಕಾಂಗ್ರೆಸ್ ಸುಮ್ಮನಿದ್ದಾಗ ಮಬ್ಬು. ಕಾಂಗ್ರೆಸ್ ಬೇಡ ಎಂದಿದ್ದನ್ನು ಮಾಡಿದಾಗ ಅತಿ ಕಡಿಮೆ. ಇವತ್ತಿಗೂ ಅಮೆರಿಕದ ಕೋರ್ಟುಗಳು ಅಧ್ಯಕ್ಷರ ಅಧಿಕಾರ ಅಳೆಯುವುದು ಈ ಅಳತೆಯಲ್ಲೇ. ಯುದ್ಧಗಳೆಲ್ಲ ನಡೆಯುವುದು ಆ ನಡುವಿನ ಮಬ್ಬಿನಲ್ಲಿ. ಕಾಂಗ್ರೆಸ್ ಸುಮ್ಮನಿರುವುದೇ ದೊಡ್ಡ ಸಮಸ್ಯೆ.

ಗಡಿಯಾರ
ಸುಮ್ಮನಿತ್ತಾ? 1973ರ ಯುದ್ಧಾಧಿಕಾರ ನಿರ್ಣಯ ಮರೆತಿರಾ? ಸೇನೆ ಕಳಿಸಿದರೆ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ತಿಳಿಸಬೇಕು. ಒಪ್ಪಿಗೆ ಸಿಗದಿದ್ದರೆ 60 ದಿನದಲ್ಲಿ ನಿಲ್ಲಿಸಬೇಕು, ವಾಪಸ್ ಕರೆಸಿಕೊಳ್ಳಲು ಇನ್ನೊಂದು 30 ದಿನ. ಅಧ್ಯಕ್ಷ ನಿಕ್ಸನ್ ವಿಟೊ ಹಾಕಿದರು, ಅಂದರೆ ಸಹಿ ಹಾಕದೆ ತಿರಸ್ಕರಿಸಿದರು. ನವೆಂಬರ್ 7ರಂದು ಎರಡೂ ಸದನ ಮೂರನೇ ಎರಡಕ್ಕಿಂತ ಜಾಸ್ತಿ ಮತ ಹಾಕಿ ವಿಟೊವನ್ನೇ ತಳ್ಳಿಹಾಕಿದವು. ಪ್ರತಿನಿಧಿ ಸಭೆಯಲ್ಲಿ 284-135, ಸೆನೆಟ್‌ನಲ್ಲಿ 75-18. ಇದು ಸುಮ್ಮನಿರುವುದಾ?

ಬೆಳ್ಳಿಚುಕ್ಕಿ
@ಗಡಿಯಾರ ಕಾನೂನು ಇದೆ, ಒಪ್ಪಿದೆ. ಪಾಲಿಸಿದವರು ಯಾರು? 1999ರಲ್ಲಿ ಕ್ಲಿಂಟನ್ ಕೊಸೊವೊ ವಿಷಯಕ್ಕೆ ಯುಗೊಸ್ಲಾವಿಯದ ಮೇಲೆ 78 ದಿನ ಬಾಂಬ್ ಹಾಕಿಸಿದರು. 2011ರಲ್ಲಿ ಲಿಬಿಯಾದ ಮೇಲೆ ಒಬಾಮಾ ಸರ್ಕಾರ 60 ದಿನ ದಾಟಿದ ಮೇಲೂ ಮುಂದುವರಿಸಿತು. ನಮ್ಮ ಸೈನಿಕರು ನೆಲದ ಮೇಲೆ ಇಲ್ಲ, ನಮ್ಮ ಕಡೆ ಸಾವಿಲ್ಲ, ಹಾಗಾಗಿ ಆ ಕಾನೂನು ಹೇಳುವ ಸಂಘರ್ಷ ಇದಲ್ಲ ಎಂದು ವಾದಿಸಿತು. ಮೇಲಿನಿಂದ ಬಾಂಬ್ ಬೀಳುತ್ತಿದ್ದವರನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1973ರ ಕಾನೂನಿನಲ್ಲಿ, ಎರಡೂ ಸದನ ನಿರ್ಣಯ ಮಾಡಿದರೆ ಸಾಕು, ಅಧ್ಯಕ್ಷರ ಸಹಿ ಇಲ್ಲದೆ ಸೇನೆ ವಾಪಸ್ ಬರಬೇಕು ಅಂತಿತ್ತು. 1983ರಲ್ಲಿ ವಲಸೆಗೆ ಸಂಬಂಧಪಟ್ಟ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಸಹಿ ಇಲ್ಲದ ತಡೆ ಸಂವಿಧಾನಕ್ಕೆ ವಿರುದ್ಧ ಎಂದುಬಿಟ್ಟಿತು. ಹಾಗಾಗಿ ಈಗ ಯುದ್ಧ ನಿಲ್ಲಿಸುವ ನಿರ್ಣಯವೂ ಅಧ್ಯಕ್ಷರ ಮೇಜಿಗೇ ಹೋಗಬೇಕು. ಅವರು ವಿಟೊ ಹಾಕಬಹುದು. 2019ರಲ್ಲಿ ಯೆಮೆನ್ ವಿಷಯದಲ್ಲಿ, 2020ರಲ್ಲಿ ಇರಾನ್ ವಿಷಯದಲ್ಲಿ ಟ್ರಂಪ್ ಹಾಕಿದರು. ಯುದ್ಧ ಶುರು ಮಾಡಲು ಒಬ್ಬರು ಸಾಕು. ನಿಲ್ಲಿಸಲು ಮೂರನೇ ಎರಡು ಭಾಗ ಬೇಕು. ಸಂವಿಧಾನ ಬರೆದವರು ಬಯಸಿದ್ದು ಇದರ ಪೂರ್ತಿ ತಿರುಗುಮುರುಗು.

ಗಡಿಯಾರ
1983ರ ವಿಷಯ ಸರಿ. ಆದರೂ ಆ ಕಾನೂನು ಇಲ್ಲದಿದ್ದರೆ ಲೆಕ್ಕ ಕೇಳಲೂ ಆಗುತ್ತಿರಲಿಲ್ಲ. 48 ಗಂಟೆಯ ವರದಿಗಳು ಬರುತ್ತಲೇ ಇವೆ ಅಲ್ವಾ?

ಒಂದು_ಮತ
ಕಾಂಗ್ರೆಸ್ ಬಲಿಪಶು ಎನ್ನುವ ಹಾಗೆ ಮಾತಾಡಬೇಡಿ. 1964ರ ಆಗಸ್ಟ್‌ನ ಟೊಂಕಿನ್ ಕೊಲ್ಲಿ ನಿರ್ಣಯ: ಪ್ರತಿನಿಧಿ ಸಭೆಯಲ್ಲಿ 416-0, ಸೆನೆಟ್‌ನಲ್ಲಿ 88-2. ಜಾನ್ಸನ್ ಕೈಗೆ ವಿಯೆಟ್ನಾಂ ಯುದ್ಧವನ್ನು ಇವರೇ ಎತ್ತಿಕೊಟ್ಟರು. 2001ರ ಸೆಪ್ಟೆಂಬರ್, ಸೇನೆ ಬಳಸಲು ಒಪ್ಪಿಗೆ ಕೊಟ್ಟ ನಿರ್ಣಯ: ಸೆನೆಟ್‌ನಲ್ಲಿ 98-0, ಪ್ರತಿನಿಧಿ ಸಭೆಯಲ್ಲಿ 420-1. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ. ಅವರಿಗೆ ಕೊಲೆ ಬೆದರಿಕೆ ಬಂತು, ಪೊಲೀಸ್ ಕಾವಲು ಬೇಕಾಯಿತು. ಅವತ್ತು ಬರೆದದ್ದು ಸೆಪ್ಟೆಂಬರ್ 11ರ ದಾಳಿಗೆ ಕಾರಣರಾದವರ ವಿರುದ್ಧ. ಆಮೇಲೆ ಒಬ್ಬರಾದ ಮೇಲೊಬ್ಬರು ಅಧ್ಯಕ್ಷರು ಅದೇ ಕಾಗದ ಹಿಡಿದು ಎಷ್ಟೋ ದೇಶಗಳಲ್ಲಿ ದಾಳಿ ಮಾಡಿದರು. ಅಧಿಕಾರವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಇವರೇ ಕೊಟ್ಟು ಕೈ ತೊಳೆದುಕೊಂಡರು. ಮತ ಹಾಕಿದರೆ ಮುಂದಿನ ಚುನಾವಣೆಯಲ್ಲಿ ಉತ್ತರ ಹೇಳಬೇಕಲ್ಲ, ಅದಕ್ಕೆ.

ಸಂಜೆಗಾಳಿ
ಒಂದು_ಮತ ಹೇಳಿದ್ದಕ್ಕೆ ನನ್ನದೂ ಒಂದು ಮತ.

ಮಾಜಿ_ಸುಬೇದಾರ್
ಸೇನೆಯಲ್ಲಿ ಇದ್ದವನು ನಾನು. ಇಲ್ಲಿ ಎಲ್ಲರೂ ಕೋರ್ಟು, ಕಾಂಗ್ರೆಸ್ಸು ಅಂತಲೇ ಮಾತಾಡುತ್ತಿದ್ದೀರಿ. ಆದೇಶ ಕೊನೆಗೆ ಬಂದು ನಿಲ್ಲುವುದು ಬಂದೂಕು ಹಿಡಿದ ಹುಡುಗನ ಹತ್ತಿರ. ಅವನ ಬಗ್ಗೆ ಯಾರಾದರೂ ಹೇಳಿ ನೋಡೋಣ.

ಅಮೆರಿಕದಲ್ಲಿ ಸೈನಿಕರು ಪ್ರಮಾಣ ಮಾಡುವುದು ಸಂವಿಧಾನದ ಮೇಲೆ. ಸಾಮಾನ್ಯ ಸೈನಿಕನ ಪ್ರಮಾಣದಲ್ಲಿ ಅಧ್ಯಕ್ಷರ ಆದೇಶ ಪಾಲಿಸುತ್ತೇನೆ ಎನ್ನುವ ಮಾತಿದೆ. ಅಧಿಕಾರಿಗಳ ಪ್ರಮಾಣದಲ್ಲಿ ಆ ಮಾತೇ ಇಲ್ಲ, ಸಂವಿಧಾನ ಮಾತ್ರ. ಬೇಕೆಂದೇ ಹೀಗಿದೆ. ಕಾನೂನುಬದ್ಧ ಆದೇಶ ಮೀರಿದರೆ ಶಿಕ್ಷೆ. ಕಣ್ಣಿಗೆ ರಾಚುವಷ್ಟು ಅಕ್ರಮವಾದ ಆದೇಶ ಪಾಲಿಸಿದರೂ ಶಿಕ್ಷೆ.

1968ರ ಮಾರ್ಚ್ 16, ವಿಯೆಟ್ನಾಂನ ಮೈ ಲಾಯ್. ಅಮೆರಿಕದ ಸೈನಿಕರು ಹಳ್ಳಿಯ ಹೆಂಗಸರು, ಮಕ್ಕಳನ್ನು ಕೊಲ್ಲುತ್ತಿದ್ದರು. ಹ್ಯೂ ಥಾಂಪ್ಸನ್ ಎಂಬ ಪೈಲಟ್ ಮೇಲಿನಿಂದ ನೋಡಿದ. ತನ್ನ ಹೆಲಿಕಾಪ್ಟರನ್ನು ಹಳ್ಳಿಯವರಿಗೂ ತನ್ನದೇ ಸೈನ್ಯದವರಿಗೂ ನಡುವೆ ಇಳಿಸಿದ. ಜೊತೆಗಿದ್ದ ಇಬ್ಬರಿಗೆ, ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಎಂದ. ಕೆಳಗಿಳಿದು ಬಂಕರಿನಲ್ಲಿ ಅಡಗಿದ್ದವರನ್ನು ಹೊರಗೆ ಕರೆತಂದ. ಊರಿಗೆ ಮರಳಿದ ಮೇಲೆ ಜನ ಅವನನ್ನೇ ದ್ರೋಹಿ ಎಂದರು. ಪದಕ ಸಿಕ್ಕಿದ್ದು 1998ರಲ್ಲಿ. 30 ವರ್ಷ!

ಯೋಚನೆ ಮಾಡಿ. ಈ ಕೆಲಸ ಮಾಡಲು ಎಷ್ಟು ಎದೆಗಾರಿಕೆ ಬೇಕು. ಪ್ರತಿ ಸೈನಿಕನಿಂದ ಇದನ್ನು ನಿರೀಕ್ಷಿಸಿ ದೇಶದ ವ್ಯವಸ್ಥೆ ಕಟ್ಟಲು ಆಗುವುದಿಲ್ಲ.

ಕರಿಕೋಟು
@ಮಾಜಿ_ಸುಬೇದಾರ್ ಸರ್, ನಿಮಗೆ ಕೈ ಮುಗಿಯುತ್ತೇನೆ. ಅದೇ ಪ್ರಕರಣದ ಇನ್ನೊಂದು ತುದಿ: ಲೆಫ್ಟಿನೆಂಟ್ ಕ್ಯಾಲಿಗೆ 1971ರಲ್ಲಿ 22 ಜನರ ಕೊಲೆಗೆ ಜೀವಾವಧಿ ಆಯಿತು. ಮೇಲಿನವರ ಆದೇಶ ಎಂಬ ವಾದ ನಡೆಯಲಿಲ್ಲ. ಆದರೆ ತೀರ್ಪು ಬಂದ ಕೆಲವೇ ದಿನಕ್ಕೆ ನಿಕ್ಸನ್ ಅವನನ್ನು ಜೈಲಿನಿಂದ ತೆಗೆಸಿ ಗೃಹಬಂಧನದಲ್ಲಿಡಿಸಿದರು. ಶಿಕ್ಷೆಯ ಹೆದರಿಕೆಯನ್ನೂ ಅಧ್ಯಕ್ಷರು ಸಡಿಲ ಮಾಡಬಲ್ಲರು. ಕ್ಷಮಾದಾನದ ಅಧಿಕಾರವಂತೂ ಇದ್ದೇ ಇದೆ.

ಮಳೆಬಿಲ್ಲು
ಹಾಗಾದರೆ 2024ರ ಜುಲೈ 1ರ ತೀರ್ಪು ಇನ್ನೂ ಭಯ ಹುಟ್ಟಿಸುತ್ತದೆ. ಸಂವಿಧಾನ ನೇರವಾಗಿ ಕೊಟ್ಟ ಮುಖ್ಯ ಅಧಿಕಾರಗಳನ್ನು ಬಳಸಿ ಮಾಡಿದ ಕೆಲಸಕ್ಕೆ ಅಧ್ಯಕ್ಷರ ಮೇಲೆ ಕ್ರಿಮಿನಲ್ ಕೇಸು ಹಾಕುವಂತಿಲ್ಲ ಎಂದು 6-3ರಲ್ಲಿ ಹೇಳಿತು ಸುಪ್ರೀಂ ಕೋರ್ಟ್. ನ್ಯಾಯಮೂರ್ತಿ ಸೊಟೊಮೇಯರ್ ತಮ್ಮ ಭಿನ್ನ ತೀರ್ಪಿನಲ್ಲಿ, ರಾಜಕೀಯ ಎದುರಾಳಿಯನ್ನು ಕೊಲ್ಲಲು ನೌಕಾಪಡೆಯ ಕಮಾಂಡೊಗಳಿಗೆ ಆದೇಶ ಕೊಟ್ಟರೂ ರಕ್ಷಣೆ ಸಿಗುತ್ತದೆ ಎಂದು ಬರೆದರು. ಆದೇಶ ಕೊಟ್ಟವರಿಗೆ ರಕ್ಷಣೆ, ಪಾಲಿಸಿದವರಿಗೆ ಇಲ್ಲ. ಇದು ಯಾವ ನ್ಯಾಯ?

ಗಡಿಯಾರ
@ಮಳೆಬಿಲ್ಲು ಬಹುಮತದ ತೀರ್ಪು ಬರೆದ ರಾಬರ್ಟ್ಸ್, ಆ ಹೆದರಿಕೆ ಅತಿಯಾಯಿತು ಎಂದೇ ಉತ್ತರ ಕೊಟ್ಟಿದ್ದಾರೆ. ಇಂಪೀಚ್‌ಮೆಂಟ್ ದಾರಿ, ಅಂದರೆ ಕಾಂಗ್ರೆಸ್ಸೇ ವಿಚಾರಣೆ ಮಾಡಿ ಅಧ್ಯಕ್ಷರನ್ನು ಕೆಳಗಿಳಿಸುವ ದಾರಿ, ಹಾಗೇ ಇದೆ.

ಮಳೆಬಿಲ್ಲು
ಇಂಪೀಚ್‌ಮೆಂಟ್‌ನಿಂದ ಕೆಳಗಿಳಿದ ಅಮೆರಿಕದ ಅಧ್ಯಕ್ಷ ಒಬ್ಬರನ್ನಾದರೂ ಹೇಳಿ. ಸೆನೆಟ್‌ನಲ್ಲಿ ಮೂರನೇ ಎರಡು ಭಾಗ ಯಾವತ್ತೂ ಸಿಕ್ಕಿಲ್ಲ. ನಿಕ್ಸನ್ ಮೊದಲೇ ರಾಜೀನಾಮೆ ಕೊಟ್ಟರು, ಅಷ್ಟೇ.

ಕಿಟಕಿ_ಪಕ್ಕ
ಅಮೆರಿಕ ಬಿಟ್ಟು ಸ್ವಲ್ಪ ದಕ್ಷಿಣ ಕೊರಿಯಾ ನೋಡಿ. ಹಳೇಪೇಪರ್ ಕೇಳಿದ ಪ್ರಶ್ನೆಗೆ ಅಲ್ಲಿ ಒಂದೇ ರಾತ್ರಿಯಲ್ಲಿ ಉತ್ತರ ಸಿಕ್ಕಿತು.

2024ರ ಡಿಸೆಂಬರ್ 3. ರಾತ್ರಿ ಹತ್ತೂವರೆ ಹೊತ್ತಿಗೆ ಅಧ್ಯಕ್ಷ ಯೂನ್ ಸುಕ್ ಯೋಲ್ ಟೀವಿಯಲ್ಲಿ ಬಂದು ಮಾರ್ಷಲ್ ಲಾ, ಅಂದರೆ ಸೇನಾಡಳಿತ, ಎಂದರು. ಸೋಲ್‌ನ ಸಂಸತ್ತಿನ ಅಂಗಳಕ್ಕೆ ಹೆಲಿಕಾಪ್ಟರಿನಲ್ಲಿ ವಿಶೇಷ ಪಡೆ ಬಂದಿಳಿಯಿತು. ಗೇಟುಗಳನ್ನು ಪೊಲೀಸರು ಮುಚ್ಚಿದ್ದರು. ಸ್ಪೀಕರ್ ವೂ ವೊನ್-ಶಿಕ್, 67 ವರ್ಷದವರು, ಬೇಲಿ ಹತ್ತಿ ಒಳಗೆ ಹಾರಿದರು. ವಿರೋಧ ಪಕ್ಷದ ನಾಯಕ ಫೋನಿನಲ್ಲಿ ನೇರ ಪ್ರಸಾರ ಮಾಡುತ್ತಲೇ ಬೇಲಿ ಹಾರಿದರು. ಸೈನಿಕರು ಕಿಟಕಿ ಒಡೆದು ಕಟ್ಟಡದೊಳಗೆ ನುಗ್ಗಿದರು. ಒಳಗಿದ್ದ ಸಿಬ್ಬಂದಿ ಕುರ್ಚಿ, ಸೋಫಾ, ಮೇಜು ಎಲ್ಲ ತಂದು ಬಾಗಿಲಿಗೆ ಒಟ್ಟಿದರು. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಸೈನಿಕರ ಮುಖಕ್ಕೇ ಸಿಂಪಡಿಸಿದರು. ರಾತ್ರಿ ಒಂದು ಗಂಟೆ ಸುಮಾರಿಗೆ ಸಭೆಯೊಳಗೆ ಸೇರಿದ್ದ 190 ಸದಸ್ಯರೂ, ಅಧ್ಯಕ್ಷರ ಪಕ್ಷದವರೂ ಸೇರಿ, ಮಾರ್ಷಲ್ ಲಾ ತೆಗೆಯಬೇಕೆಂದು ಮತ ಹಾಕಿದರು. ಒಟ್ಟು ಸದಸ್ಯರು 300. ಅಂದರೆ ಸಂವಿಧಾನದ 77ನೇ ವಿಧಿ ಕೇಳುವ ಬಹುಮತ ಇತ್ತು. ಬೆಳಗಿನ ಜಾವ ಯೂನ್ ವಾಪಸ್ ತೆಗೆದರು.

ಬಾಗಿಲು ಒಡೆದು ಸದಸ್ಯರನ್ನು ಹೊರಗೆಳೆಯಿರಿ ಎಂದು ಅಧ್ಯಕ್ಷರೇ ತನಗೆ ಹೇಳಿದರು ಎಂದು ವಿಶೇಷ ಪಡೆಯ ಕಮಾಂಡರ್ ಆಮೇಲೆ ಸಾಕ್ಷಿ ಹೇಳಿದರು. ಆ ಕೆಲಸ ಆಗಲಿಲ್ಲ. ಕೈಯಲ್ಲಿ ಬಂದೂಕಿದ್ದರೂ ಆ ಸೈನಿಕರು ಗುಂಡು ಹಾರಿಸಲಿಲ್ಲ. 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯದ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಯೂನ್ ಅವರನ್ನು ಕೆಳಗಿಳಿಸಿದರು.

ಹಳೇಪೇಪರ್
ಇದು ನನಗೆ ಬೇಕಿತ್ತು. ಅಲ್ಲಿ ಸೇನೆ ದಂಗೆ ಏಳಲಿಲ್ಲ, ಕಣ್ಣು ಮುಚ್ಚಿ ಪಾಲಿಸಲೂ ಇಲ್ಲ. ನಿಧಾನ ಮಾಡಿತು. ಆ ನಿಧಾನದಲ್ಲಿ ಸಂಸತ್ತಿಗೆ ಮತ ಹಾಕುವಷ್ಟು ಹೊತ್ತು ಸಿಕ್ಕಿತು.

ಮಾಜಿ_ಸುಬೇದಾರ್
ಕೊರಿಯಾದವರಿಗೆ 1980ರ ಗ್ವಾಂಗ್ಜು ನೆನಪಿದೆ. ಮಾರ್ಷಲ್ ಲಾ ಇದ್ದಾಗ ಸೇನೆ ತನ್ನದೇ ಜನರ ಮೇಲೆ ಗುಂಡು ಹಾರಿಸಿದ ಊರು. ಈ ಸೈನಿಕರ ತಂದೆ ತಾಯಿ ಕಾಲದ ಕಥೆ ಅದು. ಮನೆಯಲ್ಲಿ ಕೇಳಿಕೊಂಡೇ ಬೆಳೆದಿರುತ್ತಾರೆ.

ಅರಳಿಮರ
ಕೊರಿಯಾ ಉದಾಹರಣೆ ಕೊಟ್ಟು ಸಮಾಧಾನ ಪಡಬೇಡಿ. ಚಿಲಿ ನೋಡಿ. ಸೇನಾ ಮುಖ್ಯಸ್ಥ ಷ್ನೈಡರ್, ಚುನಾವಣೆಯಲ್ಲಿ ಯಾರು ಗೆದ್ದರೂ ಸೇನೆ ಸಂವಿಧಾನಕ್ಕೆ ಬದ್ಧ ಎಂದು ಪಟ್ಟು ಹಿಡಿದರು. 1970ರ ಅಕ್ಟೋಬರ್‌ನಲ್ಲಿ ಅವರನ್ನೇ ಕೊಂದರು. ನಂತರ ಬಂದ ಪ್ರಾಟ್ಸ್ ಕೂಡ ಅದೇ ಹಾದಿ. 1973ರ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಆ ಜಾಗಕ್ಕೆ ಪಿನೊಚೆ ಬಂದ. ಸೆಪ್ಟೆಂಬರ್ 11ಕ್ಕೆ ಕ್ಷಿಪ್ರಕ್ರಾಂತಿ. ಮೂರು ವಾರವೂ ಆಗಿರಲಿಲ್ಲ. ಮೇಲೆ ಕೂತ ಒಬ್ಬ ಒಳ್ಳೆಯವನ ಮೇಲೆ ನಿಂತ ವ್ಯವಸ್ಥೆ ಅವನು ಹೋದ ದಿನವೇ ಬೀಳುತ್ತದೆ.

ಸಂಜೆಗಾಳಿ
ಕೋಸ್ಟರಿಕ ಬೆಸ್ಟ್. 1948ರಲ್ಲಿ ಸೇನೆಯನ್ನೇ ತೆಗೆದುಹಾಕಿದರು. ತಕರಾರೇ ಇಲ್ಲ.

ಅರಳಿಮರ
@ಸಂಜೆಗಾಳಿ ಎಲ್ಲ ದೇಶಕ್ಕೂ ಆಗುವ ಮಾತಾ ಅದು? ಆದರೂ 1949ರ ಸಂವಿಧಾನದಲ್ಲೇ ಬರೆದುಕೊಂಡರು, ಅದು ನಿಜಕ್ಕೂ ದೊಡ್ಡದು.

ಕೊಡಗಿನ_ಕಾಫಿ
ಭಾರತದ ವಿಷಯ ಯಾರೂ ಎತ್ತಲಿಲ್ಲ. ನಮ್ಮಲ್ಲೂ 53ನೇ ವಿಧಿ ಪ್ರಕಾರ ಸೇನೆಯ ಪರಮಾಧಿಕಾರ ರಾಷ್ಟ್ರಪತಿಯವರದ್ದು. ಆದರೆ 74ನೇ ವಿಧಿ ಇದೆ, ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಅದಕ್ಕೇ ಅಮೆರಿಕದ ಪ್ರಶ್ನೆ ನಮಗೆ ಹಾಗೇ ಅನ್ವಯ ಆಗುವುದಿಲ್ಲ. 1955ರಲ್ಲಿ ಮಹಾದಂಡನಾಯಕ ಎಂಬ ಹುದ್ದೆಯನ್ನೇ ತೆಗೆದು ಮೂರೂ ಪಡೆಗೆ ಬೇರೆ ಬೇರೆ ಮುಖ್ಯಸ್ಥರನ್ನು ಸಮಸಮ ಮಾಡಿದರು. ಜನರಲ್ ತಿಮ್ಮಯ್ಯ 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದದೆ ರಾಜೀನಾಮೆ ಕೊಟ್ಟರು. ನೆಹರೂ ಮಾತಿಗೆ ವಾಪಸ್ ತೆಗೆದುಕೊಂಡರು. ಅಷ್ಟು ಜನಪ್ರಿಯ ಸೇನಾಪತಿ, ಮನಸ್ಸು ಅಷ್ಟು ನೊಂದಿತ್ತು, ಆದರೂ ಕೊಟ್ಟದ್ದು ಒಂದು ಪತ್ರ. ಅದನ್ನು ನೆನೆದಾಗಲೆಲ್ಲ ಹೆಮ್ಮೆ ಆಗುತ್ತದೆ.

ಒಂದು_ಮತ
ಹೆಮ್ಮೆ ಸರಿ, ಆದರೆ ಮೂರು ವರ್ಷಕ್ಕೆ 1962 ಬಂತು. ಸೇನೆ ಮಾತು ಕೇಳಿದರೆ ಸಾಲದು, ಸೇನೆ ಹೇಳುವ ಮಾತನ್ನು ಮಂತ್ರಿಗಳೂ ಕೇಳಬೇಕು. ಇದಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲದಿದ್ದರೆ ಇಲ್ಲಿ ಮುಗಿಯುವುದಿಲ್ಲ.

ಮಳೆಬಿಲ್ಲು
ಸೇನೆಯನ್ನು ತನ್ನದೇ ದೇಶದ ಬೀದಿಗೆ ಇಳಿಸುವುದರ ಬಗ್ಗೆ? ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಿಕ್ಸನ್ ಸೇನೆ ಕಳಿಸಿ ನಾಲ್ಕು ವಿದ್ಯಾರ್ಥಿಗಳನ್ನು ಕೊಂದದ್ದು ನೆನಪಿದೆಯಾ?

ಗಡಿಯಾರ
ಅಲ್ಲಿ ಇದ್ದದ್ದು ಒಹಾಯೊ ರಾಜ್ಯದ ನ್ಯಾಷನಲ್ ಗಾರ್ಡ್, ಅಂದರೆ ರಾಜ್ಯದ ಮೀಸಲು ಪಡೆ. ಕಳಿಸಿದ್ದು ಗವರ್ನರ್ ರೋಡ್ಸ್. 1970ರ ಮೇ 4, 13 ಸೆಕೆಂಡಿನಲ್ಲಿ 67 ಗುಂಡು. ದುರಂತ ಅದೇ, ಆದರೆ ಅಧ್ಯಕ್ಷರ ಆದೇಶ ಅಲ್ಲ. ಗಾರ್ಡ್ ಮಾಮೂಲಿಯಾಗಿ ಗವರ್ನರ್ ಕೈಯಲ್ಲಿರುತ್ತದೆ. ಅಧ್ಯಕ್ಷರು ಅದನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದು. ಜಗಳ ಬರುವುದೇ ಅಲ್ಲಿ.

ಬೆಳ್ಳಿಚುಕ್ಕಿ
ಇದರ ಚರಿತ್ರೆ ಸರಳ ಅಲ್ಲ. 1878ರ ಪಾಸೆ ಕೊಮಿಟೇಟಸ್ ಕಾನೂನು ಸೇನೆಯನ್ನು ಪೊಲೀಸ್ ಕೆಲಸಕ್ಕೆ ಬಳಸಬಾರದು ಎನ್ನುತ್ತದೆ. ಇವತ್ತು ಅದು ಜನರ ಸ್ವಾತಂತ್ರ್ಯದ ಕಾವಲು. ಹುಟ್ಟಿದ್ದು ಹಾಗಲ್ಲ. ಅಂತರ್ಯುದ್ಧ ಆದಮೇಲೆ ದಕ್ಷಿಣದಲ್ಲಿ ಕರಿಯರ ಮತದಾನಕ್ಕೆ ಕೇಂದ್ರದ ಸೇನೆ ರಕ್ಷಣೆ ಕೊಡುತ್ತಿತ್ತು. ಅದು ಬೇಡ ಎಂದ ದಕ್ಷಿಣದ ಬಿಳಿಯ ನಾಯಕರೇ ಈ ಕಾನೂನು ತಂದರು.

1957, ಅರ್ಕನ್ಸಾ ರಾಜ್ಯದ ಲಿಟಲ್ ರಾಕ್. ಕೋರ್ಟಿನ ಆದೇಶದಂತೆ ಒಂಬತ್ತು ಕರಿಯ ಮಕ್ಕಳು ಬಿಳಿಯರ ಶಾಲೆಗೆ ಸೇರಬೇಕಿತ್ತು. ಸೆಪ್ಟೆಂಬರ್ 4ರಂದು 15 ವರ್ಷದ ಎಲಿಜಬೆತ್ ಎಕ್‌ಫರ್ಡ್ ಒಬ್ಬಳೇ ನಡೆದುಬಂದಳು. ಗವರ್ನರ್ ಫೌಬಸ್ ನಿಲ್ಲಿಸಿದ್ದ ಗಾರ್ಡ್ ಸೈನಿಕರು ಅವಳನ್ನು ತಡೆದರು. ಹಿಂದೆ ಜನ ಬೈಯುತ್ತಾ ಬೆನ್ನು ಹತ್ತಿದರು. ಮೂರು ವಾರದ ಮೇಲೆ ಐಸೆನ್‌ಹೋವರ್ ಭೂಸೇನೆಯ 101ನೇ ಏರ್‌ಬೋರ್ನ್ ವಿಭಾಗದ ಸೈನಿಕರನ್ನು ಕಳಿಸಿದರು. ಫೌಬಸ್‌ನ ಗಾರ್ಡನ್ನೂ ಕೇಂದ್ರದ ವಶಕ್ಕೆ ತೆಗೆದುಕೊಂಡರು. ಸೆಪ್ಟೆಂಬರ್ 25ಕ್ಕೆ ಆ ಮಕ್ಕಳು ಸೈನಿಕರ ಕಾವಲಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದರು.

ಇದಕ್ಕೆ ಆಧಾರ 1807ರ ದಂಗೆ ಕಾಯ್ದೆ, 1878ರ ಆ ನಿಷೇಧಕ್ಕೆ ಇರುವ ಅಪವಾದ. ಅಧ್ಯಕ್ಷರ ಕೈ ಪೂರ್ತಿ ಕಟ್ಟಿಬಿಡಿ ಎನ್ನುವವರು ಈ ಮಕ್ಕಳಿಗೂ ಉತ್ತರ ಹೇಳಬೇಕು. ನನ್ನ ಮಟ್ಟಿಗೆ ವ್ಯತ್ಯಾಸ ಇಷ್ಟು: ಐಸೆನ್‌ಹೋವರ್ ಜಾರಿ ಮಾಡಿದ್ದು ಕೋರ್ಟಿನ ಆದೇಶವನ್ನು.

ಕರಿಕೋಟು
ಅದೇ ಕಾಯ್ದೆಯ ಮಾತು 2020ರ ಜೂನ್‌ನಲ್ಲೂ ಬಂತು. ಜೂನ್ 1ರಂದು ಶ್ವೇತಭವನದ ಎದುರಿನ ಲಫಾಯೆಟ್ ಚೌಕದಿಂದ ಪ್ರತಿಭಟನಾಕಾರರನ್ನು ಚದುರಿಸಿದ ಮೇಲೆ ಟ್ರಂಪ್ ಜೊತೆ ಸೇನೆಯ ಅತ್ಯುನ್ನತ ಅಧಿಕಾರಿ ಜನರಲ್ ಮಿಲ್ಲಿ ಸಮವಸ್ತ್ರದಲ್ಲಿ ನಡೆದರು. ಹತ್ತು ದಿನಕ್ಕೆ, ನಾನು ಅಲ್ಲಿ ಇರಬಾರದಿತ್ತು ಎಂದು ಬಹಿರಂಗವಾಗಿ ಹೇಳಿದರು. ರಕ್ಷಣಾ ಸಚಿವ ಎಸ್ಪರ್, ಆ ಕಾಯ್ದೆ ಬಳಸುವುದು ಬೇಡ ಎಂದು ಜೂನ್ 3ಕ್ಕೇ ಹೇಳಿದ್ದರು. ನವೆಂಬರ್‌ನಲ್ಲಿ ಅವರ ಕೆಲಸ ಹೋಯಿತು. ಇಲ್ಲ ಎಂದವರನ್ನು ತೆಗೆಯಬಹುದು, ಇದೇ ದೊಡ್ಡ ರಂಧ್ರ.

ಕಿಟಕಿ_ಪಕ್ಕ
ಇಷ್ಟೆಲ್ಲ ಹೇಳಿ ಅಣುಬಾಂಬ್ ಬಿಟ್ಟಿರಾ? ಅಲ್ಲಿ ಕಾಂಗ್ರೆಸ್ ಇಲ್ಲ, ಕೋರ್ಟ್ ಇಲ್ಲ. ಅಧ್ಯಕ್ಷರೊಬ್ಬರೇ. ಆದೇಶ ನಿಜವಾಗಿ ಅವರದ್ದೇ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಸರಿಯೋ ತಪ್ಪೋ ಅಂತ ಕೇಳುವವರ ಒಪ್ಪಿಗೆ ಬೇಕಿಲ್ಲ.

1973ರಲ್ಲಿ ಹೆರಾಲ್ಡ್ ಹೆರಿಂಗ್ ಎಂಬ ವಾಯುಪಡೆಯ ಮೇಜರ್ ಕ್ಷಿಪಣಿ ಉಡಾಯಿಸುವ ತರಬೇತಿಯಲ್ಲಿ ಒಂದು ಪ್ರಶ್ನೆ ಕೇಳಿದರು: ನನಗೆ ಬರುವ ಆದೇಶ ಬುದ್ಧಿ ಸ್ಥಿಮಿತದಲ್ಲಿರುವ ಅಧ್ಯಕ್ಷರಿಂದ ಬಂದದ್ದು ಅಂತ ನನಗೆ ಗೊತ್ತಾಗುವುದು ಹೇಗೆ? ಅಷ್ಟಕ್ಕೇ ತರಬೇತಿಯಿಂದ ತೆಗೆದರು, ಆಮೇಲೆ ಸೇವೆಯಿಂದಲೇ ಕಳಿಸಿದರು. ಅದು ನಿಮಗೆ ತಿಳಿಯಬೇಕಾದ ವಿಷಯವಲ್ಲ ಎಂದರು. ಅವರು ಆಮೇಲೆ ಲಾರಿ ಓಡಿಸಿ ಜೀವನ ಮಾಡಿದರು. ಅವರ ಪ್ರಶ್ನೆಗೆ ಇವತ್ತಿಗೂ ಉತ್ತರ ಇಲ್ಲ.

ಮಾಜಿ_ಸುಬೇದಾರ್
ಉತ್ತರ ಇಲ್ಲದ್ದಕ್ಕೇ ಕಳಿಸಿದ್ದು.

ಗಡಿಯಾರ
ಕ್ಷಿಪಣಿ ಬರಲು ಅರ್ಧ ಗಂಟೆ ಸಾಕು. ಅಷ್ಟರಲ್ಲಿ ಸದನ ಸೇರಿಸಲು ಆಗುತ್ತದಾ?

ಕಿಟಕಿ_ಪಕ್ಕ
@ಗಡಿಯಾರ ನಮ್ಮ ಮೇಲೆ ಬರುತ್ತಿದ್ದರೆ ಸರಿ. ನಾವೇ ಮೊದಲು ಹಾಕುವುದಾದರೆ ಅರ್ಧ ಗಂಟೆಯ ಅವಸರ ಯಾಕೆ? ಮೊದಲು ಹಾಕಲು ಕಾಂಗ್ರೆಸ್ ಒಪ್ಪಿಗೆ ಬೇಕೇ ಬೇಕು ಎನ್ನುವ ಮಸೂದೆಗಳು ಬಂದಿವೆ, ಪಾಸಾಗಿಲ್ಲ.

ಹಳೇಪೇಪರ್
ಎಲ್ಲರಿಗೂ ಧನ್ಯವಾದ. ನನಗೆ ಈಗ ಅನ್ನಿಸುವುದು ಹೀಗೆ. ಜನರಲ್‌ಗಳು ಅಧ್ಯಕ್ಷರನ್ನು ತಡೆಯಲಿ ಎಂದು ಕಾಯುವುದೇ ತಪ್ಪು. ಅವರು ಒಂದು ಸಲ ಒಳ್ಳೆಯ ಕಾರಣಕ್ಕೆ ತಡೆದರೆ, ಇನ್ನೊಂದು ಸಲ ಕೆಟ್ಟ ಕಾರಣಕ್ಕೂ ತಡೆಯುತ್ತಾರೆ. ತಡೆಯಬೇಕಾದವರು ಕಾಂಗ್ರೆಸ್ಸಿನವರು. ಅವರ ಕೈಯಲ್ಲಿ ಉಳಿದಿರುವ ಗಟ್ಟಿ ಆಯುಧ ಯಾವುದು?

ಬೆಳ್ಳಿಚುಕ್ಕಿ
ದುಡ್ಡು. ಭೂಸೇನೆಗೆ ಎರಡು ವರ್ಷಕ್ಕಿಂತ ಜಾಸ್ತಿ ಕಾಲಕ್ಕೆ ಹಣ ಮಂಜೂರು ಮಾಡುವಂತಿಲ್ಲ ಎಂದು 1ನೇ ವಿಧಿಯಲ್ಲೇ ಇದೆ. ರಾಜನ ಕೈಗೆ ಕಾಯಂ ಸೈನ್ಯ ಸಿಕ್ಕರೆ ಏನಾಗುತ್ತದೆ ಎಂದು ಕಂಡವರು ಬರೆದದ್ದು. 1973ರಲ್ಲಿ ಕಾಂಬೋಡಿಯ ಮೇಲಿನ ಬಾಂಬ್ ದಾಳಿ ಆಗಸ್ಟ್ 15ಕ್ಕೆ ನಿಂತದ್ದೂ ಕಾಂಗ್ರೆಸ್ ಹಣ ನಿಲ್ಲಿಸಿದ್ದಕ್ಕೇ.

ಒಂದು_ಮತ
ಹಣ ನಿಲ್ಲಿಸಿದರೆ, ಯುದ್ಧಭೂಮಿಯಲ್ಲಿರುವ ನಮ್ಮ ಹುಡುಗರ ಊಟ ಕಿತ್ತುಕೊಂಡಿರಿ ಎನ್ನುತ್ತಾರೆ. ಆ ಮಾತಿಗೆ ಹೆದರಿಯೇ ಯಾರೂ ಮುಟ್ಟುವುದಿಲ್ಲ.

ಬೆಳ್ಳಿಚುಕ್ಕಿ
@ಒಂದು_ಮತ ಕಾಂಬೋಡಿಯ ವಿಷಯದಲ್ಲಿ ಯಾರ ಊಟವೂ ಹೋಗಲಿಲ್ಲ. ದಿನಾಂಕ ಮೊದಲೇ ಹೇಳಿ ನಿಲ್ಲಿಸಿದರು, ವಿಮಾನಗಳು ಆ ದಿನ ಹಾರುವುದನ್ನು ನಿಲ್ಲಿಸಿದವು. ನಿಕ್ಸನ್‌ಗೆ ಇಷ್ಟ ಇರಲಿಲ್ಲ, ಆದರೂ ಸಹಿ ಹಾಕಿದರು.